ನನ್ನ ನಂಬರಿಗೆ ಬಂದ ಅವರ ಸಂದೇಶ

ಒಮಾನಿನಲ್ಲಿ ದಿನ ಕಳೆಯಬೇಕಾದರೆ ಮೊದಲು ಬೇಕಾದದ್ದು ಒಂದು ಮೊಬೈಲ್ ನಂಬರ್. ಮನೆಯ ಬಾಡಿಗೆ ಕರಾರು ನೋಂದಾಯಿಸುವಾಗ, ರೆಸಿಡೆಂಟ್ ಕಾರ್ಡ್ ರಿನೀವಲ್ ಮಾಡಿಸುವಾಗ, ಕರೆಂಟಿನ ಮೀಟರನ್ನು ಹೆಸರಿಗೆ ಮಾಡಿಸಿಕೊಳ್ಳುವಾಗ, ಎಲ್ಲ ಕಡೆಯೂ ಅದನ್ನೇ ಕೇಳುತ್ತಾರೆ. ಆ ನಂಬರಿಗೆ ಓಟಿಪಿ ಬರುತ್ತದೆ. ಅದನ್ನು ಹಾಕಿದರೆ ಮಾತ್ರ ಅರ್ಜಿ ಮುಂದಕ್ಕೆ ಹೋಗುತ್ತದೆ.

ಅಲ್ ಮವಾಲೇಹ್‌ನ ನಮ್ಮ ಕಟ್ಟಡದಲ್ಲಿ ನಮ್ಮ ಕಡೆಯವರ ಏಳೆಂಟು ಮನೆಗಳಿವೆ. ಅವರ ಅರ್ಜಿಗಳನ್ನು ತುಂಬಿಕೊಡುತ್ತಿದ್ದವನು ನಾನು. ಆಫೀಸಿನಲ್ಲಿ ನನ್ನದು ಕಾಗದಪತ್ರಗಳದ್ದೇ ಕೆಲಸ. ಅರಬ್ಬಿಯಲ್ಲಿ ಹೆಸರನ್ನು ಹೇಗೆ ಬರೆದರೆ ಫಾರ್ಮು ವಾಪಸು ಬರುವುದಿಲ್ಲ, ಯಾವ ಕೌಂಟರಿನಲ್ಲಿ ಬೆಳಿಗ್ಗೆ ಹೋದರೆ ಸಾಲು ಕಡಿಮೆ, ಇವೆಲ್ಲ ನನಗೆ ಗೊತ್ತಿತ್ತು. ಶುಕ್ರವಾರ ಬೆಳಿಗ್ಗೆ ನಮ್ಮ ಊಟದ ಮೇಜಿನ ಮೇಲೆ ಪ್ರಿಂಟರ್ ಇಟ್ಟುಕೊಂಡು ಕೂರುತ್ತಿದ್ದೆ. ಜನ ಪಾಸ್‌ಪೋರ್ಟ್ ಹಿಡಿದುಕೊಂಡು ಬರುತ್ತಿದ್ದರು.

ಮೊಬೈಲ್ ನಂಬರಿನ ಜಾಗದಲ್ಲಿ ನಾನು ಅನೇಕ ಸಲ ನನ್ನದನ್ನೇ ಹಾಕುತ್ತಿದ್ದೆ. ಕೆಲವರು ಆ ಹೊತ್ತಿಗೆ ಡ್ಯೂಟಿಯಲ್ಲಿರುತ್ತಿದ್ದರು. ಕೆಲವರಿಗೆ ಓಟಿಪಿ ಎಂದರೇನೆಂದು ವಿವರಿಸುವಷ್ಟರಲ್ಲಿ ಅದರ ಅವಧಿಯೇ ಮುಗಿದುಹೋಗುತ್ತಿತ್ತು. ನನ್ನ ನಂಬರ್ ಹಾಕಿದರೆ ಎರಡು ನಿಮಿಷದ ಕೆಲಸ. ಇದು ಅನುಕೂಲಕ್ಕೆ ಮಾಡಿದ್ದು ಎಂದು ಹೇಳುತ್ತಿದ್ದೆ, ಅದು ಸುಳ್ಳೂ ಅಲ್ಲ. ಆದರೆ ಅಷ್ಟು ಮನೆಗಳ ಸುದ್ದಿ ಮೊದಲು ನನ್ನ ಜೇಬಿಗೆ ಬರುವುದು ನನಗೆ ಇಷ್ಟವಾಗುತ್ತಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಮೊದಲ ಮಹಡಿಯಲ್ಲಿ, ಇನ್ನಿಬ್ಬರು ಹೆಂಗಸರ ಜೊತೆ ಒಂದು ಕೋಣೆಯಲ್ಲಿ, ಉಡುಪಿ ಕಡೆಯ ಕೊಂಕಣಿ ಮನೆಮಾತಿನ ಕ್ರೈಸ್ತರೊಬ್ಬರಿದ್ದರು. ನಮ್ಮ ಕಡೆಯ ವಾಡಿಕೆಯಂತೆ, ಗೌರವಕ್ಕೆ, ನಾನೂ ನನ್ನ ಹೆಂಡತಿಯೂ ಅವರನ್ನು ಬಾಯಿ ಎಂದು ಕರೆಯುತ್ತಿದ್ದೆವು. ಅವರು ಸಣ್ಣ ಮಕ್ಕಳ ನರ್ಸರಿಯೊಂದರಲ್ಲಿ ಆಯಾ. ಗಂಡ ಊರಿನಲ್ಲಿ ರಿಕ್ಷಾ ಓಡಿಸುತ್ತಾರೆ. ಬಾಯಿ ರೀಚಾರ್ಜ್ ಆಫರ್ ಇದ್ದ ಕಡೆಗೆ ಸಿಮ್ ಬದಲಿಸುತ್ತ ಇರುವವರು, ಆದ್ದರಿಂದ ಅವರ ಕಾಗದಗಳಲ್ಲೆಲ್ಲ ಇದ್ದದ್ದು ನನ್ನ ನಂಬರ್.

ಕಳೆದ ವರ್ಷ ಅವರ ಒಬ್ಬಳೇ ಮಗಳ ಮದುವೆ ನಿಶ್ಚಯವಾಯಿತು. ಮಂಗಳವಾರ ಇಗರ್ಜಿಯಲ್ಲಿ ಮದುವೆ, ಅದಕ್ಕೆ ಮೊದಲು ಭಾನುವಾರ ಸಂಜೆ ಮನೆಯಂಗಳದಲ್ಲಿ ರೋಸ್. ಹುಡುಗಿಗೆ ತೆಂಗಿನ ಎಣ್ಣೆ ಹಚ್ಚಿ ತೆಂಗಿನ ಹಾಲು ಎರೆಯುವ ಶಾಸ್ತ್ರ ಅದು. ಮೊದಲು ಎರೆಯುವವರು ತಂದೆತಾಯಿ. ಮಗಳಿಗೆ ನಾಲ್ಕು ವರ್ಷವಿದ್ದಾಗ ಬಾಯಿ ಇಲ್ಲಿಗೆ ಬಂದವರು. ಇಗರ್ಜಿಯಲ್ಲಿ ಅವಳು ಮೊದಲ ಪರಮಪ್ರಸಾದ ಸ್ವೀಕರಿಸಿದ ದಿನಕ್ಕೆ ರಜೆ ಸಿಕ್ಕಿರಲಿಲ್ಲ, ಶಾಲೆ ಕಾಲೇಜಿನ ಯಾವ ಸಮಾರಂಭಕ್ಕೂ ಹೋಗಿರಲಿಲ್ಲ.

"ಇದೊಂದಕ್ಕೆ ನಾನಿರ್ಬೇಕು ಅಣ್ಣ," ಎಂದರು ಟಿಕೆಟ್ ಮಾಡಿಸಲು ಬಂದ ದಿನ. "ಮದುವೆ ಇಗರ್ಜಿಯಲ್ಲಿ ಪಾದ್ರಿಯವರು ಮಾಡ್ತಾರೆ, ಅಲ್ಲಿ ನಾನು ಬೆಂಚಿನಲ್ಲಿ ಕೂತ್ರಾಯ್ತು. ರೋಸ್ ಕೊಡುದು ಮಾತ್ರ ನನ್ನ ಕೈ."

"ಶನಿವಾರ ಸಂಜೆ ಐದಕ್ಕೆ ವಿಮಾನ. ಭಾನುವಾರ ಬೆಳಿಗ್ಗೆ ನೀವು ಅಲ್ಲಿ ಬಾಳೆಎಲೆ ಲೆಕ್ಕ ಹಾಕ್ತಾ ಇರ್ತೀರಿ," ಎಂದೆ.

"ಈಗ ಎಲ್ಲಿಯ ಬಾಳೆಎಲೆ ಮಾರಾಯ್ರೆ, ಕೇಟರಿಂಗಿನವರ ಪ್ಲೇಟು!"

ಟಿಕೆಟಿನಲ್ಲೂ ನನ್ನ ನಂಬರ್ ಹಾಕಿದೆ. ಕೇಳಲೂ ಇಲ್ಲ.

ಸಂದೇಶ ಬಂದದ್ದು ಬುಧವಾರ ಸಂಜೆ. ಈದ್ ರಜೆಗೆ ಅಂಗಡಿಗಳು ಮುಚ್ಚುತ್ತವೆಂದು ತರಕಾರಿ ಕೊಂಡಿಡಲು ಹೋಗಿದ್ದೆ. ಎಡಗೈಯಲ್ಲಿ ತೊಂಡೆಕಾಯಿಯ ಚೀಲವಿತ್ತು. ಬಲಗೈಯಲ್ಲಿ ಫೋನ್ ತೆಗೆದು ನೋಡಿದೆ. ಸಮಯ ಬದಲಾಗಿದೆ, ವಿಮಾನ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊರಡುತ್ತದೆ ಎಂದಿತ್ತು. ಆ ವಾರ ನಾನು ನಾಲ್ಕು ಮನೆಯವರಿಗೆ ಟಿಕೆಟ್ ಮಾಡಿಸಿದ್ದೆ, ಯಾರದೆಂದು ಗೊತ್ತಾಗಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಶನಿವಾರ ಮಂಗಳೂರಿಗೆ ಹೋಗುವವರು ಬಾಯಿ ಒಬ್ಬರೇ. ಓದಿದ ಕ್ಷಣವೇ ನನಗೆ ಗೊತ್ತಾಗಿತ್ತು. ಹೋಗುವಾಗ ಅವರ ಬಾಗಿಲು ತಟ್ಟಿ ಹೇಳೋಣ ಎಂದುಕೊಂಡು ಫೋನನ್ನು ಜೇಬಿಗೆ ಹಾಕಿದೆ. ತರಕಾರಿ ತೂಗಿಸಿದೆ. ಮನೆಗೆ ಬಂದಾಗ ಲಿಫ್ಟು ಕೆಳಗೇ ನಿಂತಿತ್ತು. ಹತ್ತಿ ನೇರವಾಗಿ ನಾಲ್ಕನೆಯ ಮಹಡಿಗೆ ಹೋದೆ. ಅಷ್ಟೇ ನಡೆದದ್ದು. ಗುರುವಾರವೂ ಶುಕ್ರವಾರವೂ ಅದು ನನ್ನ ನೆನಪಿಗೆ ಬರಲಿಲ್ಲ. ಶುಕ್ರವಾರ ಅವರು ನಮ್ಮ ಮನೆಗೆ ಬಂದು ಸೂಟ್‌ಕೇಸು ತೂಗಿಸಿಕೊಂಡು ಹೋದಾಗಲೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ಎರಡು ಗಂಟೆ ಕಳೆದಿತ್ತು. ಊಟ ಮಾಡಿ ಕೈ ತೊಳೆಯುತ್ತಿದ್ದೆ. ಏರ್‌ಪೋರ್ಟಿನಿಂದ ಬಾಯಿಯ ಫೋನ್ ಬಂತು.

"ಅಣ್ಣ, ವಿಮಾನ ಹೋಗಿದೆಯಂತೆ."

ನಾನು ನಲ್ಲಿ ನಿಲ್ಲಿಸಿದೆ.

"ಬೆಳಿಗ್ಗೆಯೇ ಹೋಗಿದೆಯಂತೆ. ಮೆಸೇಜ್ ಕಳಿಸಿದ್ದೇವೆ ಅಂತಾರೆ ಇವರು. ನಿಮಗೆ ಬಂದಿತ್ತಾ?"

"ಇಲ್ಲ ಬಾಯಿ. ಎಂತದೂ ಬಂದಿಲ್ಲ," ಎಂದೆ.

ಯೋಚಿಸಿ ಹೇಳಿದ ಮಾತಲ್ಲ ಅದು. ಆದರೆ ಅದರ ನಂತರ ಮಾಡಿದ್ದು ಯೋಚಿಸಿಯೇ. ಕೆಳಗಿಳಿದು ಕಾರಿನಲ್ಲಿ ಕೂತು, ಇಂಜಿನ್ ಹಾಕುವ ಮೊದಲು, ಆ ಸಂದೇಶವನ್ನು ಹುಡುಕಿ ಅಳಿಸಿದೆ.

ಏರ್‌ಪೋರ್ಟಿನಲ್ಲಿ ಬಾಯಿ ಟ್ರಾಲಿಯ ಪಕ್ಕ ನಿಂತಿದ್ದರು. ಹೊಸ ಚೂಡಿದಾರ ಹಾಕಿದ್ದರು. ಅಳುತ್ತಿರಲಿಲ್ಲ. ನಾನು ಕೌಂಟರಿಗೆ ಹೋಗಿ ದೊಡ್ಡ ದನಿಯಲ್ಲಿ ಮಾತಾಡಿದೆ. ಬೆಂಗಳೂರು, ಕಣ್ಣೂರು, ಕೊಚ್ಚಿ, ಎಲ್ಲ ದಾರಿಯನ್ನೂ ನೋಡಿಸಿದೆ. ಈದ್ ರಜೆಯ ಜನ, ಎಲ್ಲೂ ಸೀಟಿರಲಿಲ್ಲ. ಸೋಮವಾರ ಬೆಳಿಗ್ಗೆಯ ವಿಮಾನಕ್ಕೆ ಅವರ ಟಿಕೆಟ್ಟನ್ನು ಬದಲಿಸಿಕೊಟ್ಟರು. ಅಲ್ಲಿಗೆ ಮದುವೆ ಸಿಗುತ್ತದೆ, ರೋಸ್ ಸಿಗುವುದಿಲ್ಲ.

ವಾಪಸು ಬರುವಾಗ ರಸ್ತೆ ಖಾಲಿ ಇತ್ತು. ಬಾಯಿ ಕಿಟಕಿಯ ಕಡೆ ನೋಡುತ್ತ ಮತ್ತೊಮ್ಮೆ ಕೇಳಿದರು.

"ಒಂದೂ ಬರ್ಲಿಲ್ಲಾ ಅಣ್ಣ? ಕಳಿಸಿದ್ದೇವೆ ಅಂತ ಭಾರೀ ಗಟ್ಟಿಯಾಗಿ ಹೇಳಿದ್ರು."

"ಅವರು ಹಾಗೇ ಹೇಳುದು ಬಾಯಿ. ತಪ್ಪು ಅವರ ಮೇಲೆ ಬರ್ಬಾರ್ದಲ್ಲ."

"ಹೌದು. ಯಾರ ಮೇಲೂ ಬರ್ಬಾರ್ದು," ಎಂದರು.

ಅವರ ಕೋಣೆಯ ಜೊತೆಗಾತಿಯರು ರಜೆಗೆಂದು ಸಂಬಂಧಿಕರ ಮನೆಗೆ ಹೋಗಿದ್ದರಿಂದ ಆ ಎರಡು ದಿನ ಬಾಯಿಯನ್ನು ನಮ್ಮಲ್ಲೇ ಇರಲು ಹೇಳಿದೆವು. ನನ್ನ ಹೆಂಡತಿ ಅವರೆದುರಿಗೇ ಕೇಳಿದಳು, "ನಿಮ್ಮ ಫೋನಿಗೆ ಬರ್ಬೇಕಿತ್ತಲ್ಲ? ಸರಿ ನೋಡಿದ್ರಾ?" ನೋಡಿದೆ ಎಂದೆ. ಮೂರನೆಯ ಸಲ ಹೇಳುವಾಗ ಸುಳ್ಳು ಸಲೀಸಾಗಿ ಬಂತು.

ಭಾನುವಾರ ಸಂಜೆ, ಊರಿನಲ್ಲಿ ಏಳು ಗಂಟೆ, ನಮ್ಮಲ್ಲಿ ಐದೂವರೆ. ಇಲ್ಲಿ ವಾಟ್ಸಾಪಿನ ವಿಡಿಯೊ ಕಾಲಿಗೆ ಅನುಮತಿ ಇಲ್ಲ. ಆಫೀಸಿನ ಮೀಟಿಂಗಿಗೆ ಬಳಸುವ ಆ್ಯಪಿನಲ್ಲಿ ಒಂದು ಲಿಂಕ್ ಮಾಡಿ ಬಾಯಿಯ ಗಂಡನಿಗೆ ಕಳಿಸಿದೆ. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಇಟ್ಟೆ. ಪರದೆಯ ಕೆಳಗೆ, ಬಾಯಿಯ ಮುಖದ ಪಕ್ಕದಲ್ಲಿ, ನನ್ನ ಹೆಸರು ಬರುತ್ತಿತ್ತು.

ಅಲ್ಲಿ ಅಂಗಳಕ್ಕೆ ಚಪ್ಪರ ಹಾಕಿದ್ದರು. ಹುಡುಗಿ ತಗ್ಗಿನ ಮಣೆಯ ಮೇಲೆ ಕೂತಿದ್ದಳು. ಹೆಂಗಸರು ಹಾಡುತ್ತಿದ್ದರು, ಧ್ವನಿ ಕಡಿದು ಕಡಿದು ಬರುತ್ತಿತ್ತು. ತಂದೆ ಎಣ್ಣೆಯಲ್ಲಿ ಬೆರಳದ್ದಿ ಅವಳ ಹಣೆಗೆ ಶಿಲುಬೆ ಗುರುತು ಹಾಕಿ ಹಾಲೆರೆದರು. ಆಮೇಲೆ ಬಾಯಿಯ ಅಕ್ಕ ಮುಂದೆ ಬಂದರು. ತಾಯಿಯ ಜಾಗದಲ್ಲಿ ಅವರು. ಬಟ್ಟಲು ಎತ್ತಿದವರು ಅಷ್ಟಕ್ಕೇ ನಿಲ್ಲಿಸಿ ಫೋನಿನ ಕಡೆ ತಿರುಗಿ ಕೊಂಕಣಿಯಲ್ಲಿ ಏನೋ ಕೇಳಿದರು. ಬಾಯಿ ತಲೆಯಾಡಿಸಿ, "ಘಾಲ್, ಘಾಲ್," ಎಂದರು. ಹಾಕು, ಹಾಕು ಎಂದು. ಹಾಲು ಹುಡುಗಿಯ ಕೂದಲಿನಿಂದ ಮುಖಕ್ಕೆ ಇಳಿಯಿತು. ಅವಳು ಕಣ್ಣು ಒರೆಸಿಕೊಂಡು ಫೋನಿನ ಕಡೆ ನೋಡಿ ಕೈ ಬೀಸಿದಳು. ಬಾಯಿಯೂ ಬೀಸಿದರು. ಮೇಜಿನ ಕೆಳಗೆ ಅವರ ಬಲಗೈ ಮಡಿಲ ಮೇಲೆ ಮುಷ್ಟಿಯಾಗಿ ಬಿಗಿದುಕೊಂಡಿತ್ತು, ಬೀಸಿದ್ದು ಎಡಗೈ. ನಾನು ಹಿಂದೆ ನಿಂತಿದ್ದೆ, ನನಗೆ ಎರಡೂ ಕಾಣುತ್ತಿದ್ದವು.

ಸೋಮವಾರ ಬೆಳಿಗ್ಗೆ ಅವರನ್ನು ಏರ್‌ಪೋರ್ಟಿಗೆ ಕರೆದುಕೊಂಡು ಹೋದೆ. ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ ಹೇಳಿದೆ.

"ಬಾಯಿ, ಮೆಸೇಜ್ ಬಂದಿತ್ತು. ಬುಧವಾರವೇ ಬಂದಿತ್ತು. ನಾನು ಓದಿದ್ದೆ. ಹೇಳ್ಲಿಕ್ಕೆ ಮರೆತೆ. ಮತ್ತೆ ಸುಳ್ಳು ಹೇಳಿದೆ."

ಅವರು ಸೀಟಿನ ಬೆಲ್ಟ್ ಬಿಚ್ಚುತ್ತಿದ್ದರು. ಬಿಚ್ಚಿ ಮುಗಿಸಿದರು.

"ಗೊತ್ತುಂಟು. ಶನಿವಾರವೇ, ನೀವು ಬರುವ ಮೊದಲು, ಆ ಕೌಂಟರಿನ ಹುಡುಗಿ ಕಂಪ್ಯೂಟರ್ ತಿರುಗಿಸಿ ತೋರಿಸಿದ್ಲು. ನಂಬರ್ ನಿಮ್ದು. ಮುಟ್ಟಿದ್ದು ಬುಧವಾರ ಅಂತಲೂ ಇತ್ತು."

"ಗೊತ್ತಿದ್ದೂ ಕಾರಿನಲ್ಲಿ ಕೇಳಿದ್ರಾ?"

"ಎರಡು ಸಲ ಕೇಳಿದೆ. ನಿಮ್ಮ ಹೆಂಡತಿ ಇನ್ನೊಂದು ಸಲ ಕೇಳಿದ್ರು." ಬೆಲ್ಟನ್ನು ಪಕ್ಕಕ್ಕೆ ಸರಿಸಿ ಹೇಳಿದರು, "ಮರೆತದ್ದಕ್ಕೆ ಎಂತ ಹೇಳುದು ಅಣ್ಣ, ನಾನೂ ಮರೀತೇನೆ. ನರ್ಸರಿಯಲ್ಲಿ ಒಂದು ಮಗುವಿನ ಟಿಫಿನ್ ಇನ್ನೊಂದಕ್ಕೆ ಕೊಟ್ಟದ್ದುಂಟು. ಆದ್ರೆ ನಿನ್ನೆ ನೀವು ಆ ಲಿಂಕ್ ಎಲ್ಲ ಮಾಡಿ, ಚಾ ಕೊಟ್ಟು, ನನ್ನ ಹಿಂದೆ ನಿಂತಿದ್ರಲ್ಲ, ಆಗ ನನಗೆ ನಿಮ್ಮ ಮುಖ ನೋಡ್ಲಿಕ್ಕೆ ಆಗ್ಲಿಲ್ಲ."

ಕ್ಷಮಿಸಿ ಎಂದೆ. ಅವರು ನನ್ನ ಫೋನಿನ ಕಡೆ ಕೈ ತೋರಿಸಿದರು.

"ನಿಮ್ಮ ಫೋನಿಗೆ ನನ್ದು ಇನ್ನೂ ಎಂತೆಲ್ಲ ಬರ್ತದೆ?"

ರೆಸಿಡೆಂಟ್ ಕಾರ್ಡ್, ಬ್ಯಾಂಕು, ಇನ್ಶೂರೆನ್ಸು ಎಂದು ಹೇಳಿದೆ. ಹೇಳುವಾಗ ಅದು ಎಷ್ಟು ಉದ್ದದ ಪಟ್ಟಿ ಎಂದು ನನಗೇ ಆಶ್ಚರ್ಯವಾಯಿತು.

"ನಾನು ಬಂದ ಮೇಲೆ ಎಲ್ಲ ತೆಗೆಯುವ. ಒಂದೇ ಸಿಮ್ ಇಟ್ಕೊಳ್ತೇನೆ ಇನ್ನು," ಎಂದು ಇಳಿದರು. ಸೂಟ್‌ಕೇಸು ಇಳಿಸಲು ನನಗೆ ಬಿಟ್ಟರು. ಟ್ರಾಲಿಯನ್ನು ತಾವೇ ತಳ್ಳಿಕೊಂಡು ಹೋದರು.

ನಾನು ಮತ್ತೆ ಕಾರಿನಲ್ಲಿ ಕೂತೆ. ಉಳಿದ ಮನೆಗಳವರ ಸಂದೇಶಗಳನ್ನು ಮೇಲಿನಿಂದ ಒಂದೊಂದಾಗಿ ಓದತೊಡಗಿದೆ. ಎರಡು ಮನೆಯವರಿಗೆ ಹೇಳಬೇಕಾದದ್ದು ಇತ್ತು, ಅಲ್ಲಿಂದಲೇ ಫೋನ್ ಮಾಡಿ ಹೇಳಿದೆ. ಅಷ್ಟರಲ್ಲಿ ಹೊಸದೊಂದು ಬಂತು. ಬಾಯಿಯ ವಿಮಾನದ ಗೇಟ್ ಬದಲಾಗಿದೆ ಎಂದು. ಅವಸರದಲ್ಲಿ ಒಮ್ಮೆ ತಪ್ಪು ಹೆಸರಿಗೆ ಒತ್ತಿದೆ. ಎರಡನೆಯ ಸಲಕ್ಕೆ ಅವರಿಗೆ ಹೋಯಿತು.

"ಬಾಯಿ, ಗೇಟ್ ಬದಲಾಗಿದೆ! ಈಗ ಮೆಸೇಜ್ ಬಂತು, ಈಗಲೇ..."

"ಗೊತ್ತುಂಟು ಅಣ್ಣ. ಇಲ್ಲಿ ಬೋರ್ಡಲ್ಲಿ ಹಾಕಿದ್ದಾರೆ, ಓದಿದೆ," ಎಂದರು. ಹಿಂದಿನಿಂದ ಮಕ್ಕಳ ಗಲಾಟೆ, ಚಕ್ರಗಳ ಸದ್ದು ಕೇಳುತ್ತಿತ್ತು. "ನಾನು ಆ ಗೇಟಿನ ಸಾಲಲ್ಲೇ ನಿಂತಿದ್ದೇನೆ. ಫೋನ್ ಇಡಿ ಈಗ."