ಎಂಟುನೂರು ಶಿಲ್ಲಿಂಗಿನ ಬಿಳಿ ಗೌನು

ಆ ಬಿಳಿ ಗೌನಿಗೆ ನಾನು ಕೊಟ್ಟದ್ದು ಎಂಟುನೂರು ಶಿಲ್ಲಿಂಗ್. ನಾನೂರರ ಮಾಲು ಅದು. ಇಮ್ಮಡಿ ತೆತ್ತದ್ದು ಏಕೆಂದರೆ ಮಗಳು ತಿರುಗಿ ನೋಡಿಬಿಟ್ಟಳು.

ಹೈರಿಡ್ಜ್ ಬಡಾವಣೆಯ ನಮ್ಮ ಮನೆಯಲ್ಲೇ ಬ್ಲೌಸ್ ಹೊಲಿದು ನಾನು ಸಂಪಾದಿಸುತ್ತಿದ್ದ ದಿನಗಳು ಅವು. ಭಾನುವಾರ ಮಧ್ಯಾಹ್ನ ಮಷಿನ್ನಿಗೆ ರಜೆ. ಚಕ್ಕುಲಿ ಡಬ್ಬಿ ನಡುವೆ ಇಟ್ಟುಕೊಂಡು ನಾನೂ ಮಗಳೂ ಹಳೆಯ ಹಾಲಿವುಡ್ ಸಿನಿಮಾಗಳ ಡಿವಿಡಿ ನೋಡುತ್ತಿದ್ದೆವು. ಅವುಗಳಲ್ಲಿ ಒಬ್ಬ ನಟಿ ನಮಗೆ ಅಚ್ಚುಮೆಚ್ಚು. ಹೆಸರು ಏರುತ್ತಿದ್ದಾಗಲೇ ನಟನೆ ಬಿಟ್ಟು, ಮದುವೆಯಾಗಿ, ಮಕ್ಕಳೊಂದಿಗೆ ಮನೆಯಲ್ಲಿ ಉಳಿದವಳು. ಮೆಚ್ಚಿನ ವ್ಯಕ್ತಿಯ ವೇಷ ಹಾಕಿ ಮಾತಾಡಬೇಕೆಂದು ಶಾಲೆಯಲ್ಲಿ ಹೇಳಿದಾಗ ಮಗಳು ಅವಳನ್ನೇ ಆರಿಸಿಕೊಂಡಳು. ಗೆಳತಿಯೊಬ್ಬಳು ನಕ್ಕುಬಿಟ್ಟಳಂತೆ.

“ಅಮ್ಮ, ಶೀ ಜಸ್ಟ್ ಕ್ವಿಟ್ ಅಂತಾಳೆ. ಸ್ಟೇಜ್ ಮೇಲೆ ನಾನೇನ್ ಹೇಳ್ಲಿ?”

“ಮೊದ್ಲು ಗೌನ್ ತಗೊಳ್ಳೋಣ, ಮಾತು ಆಮೇಲೆ ಬರತ್ತೆ” ಎಂದು ಮಿಟುಂಬಾಗೆ, ಅಂದರೆ ಹಳೆ ಬಟ್ಟೆಯ ಸಂತೆಗೆ, ಕರೆದೊಯ್ದೆ.

ಗೌನು ಸಿಕ್ಕಿತು. ಅಂಗಡಿಯಾಕೆ ಸಾವಿರದಿಂದ ಎಂಟುನೂರಕ್ಕೆ ಇಳಿದಳು. ನಾನು ನಾನೂರು ಎಂದು ಹೇಳಿ ಹೊರಟೇಬಿಟ್ಟೆ. ಸಾಮಾನ್ಯವಾಗಿ ಮೂಲೆ ತಿರುಗುವ ಮೊದಲೇ “ಮಮಾ, ಬಾ ಬಾ” ಎಂದು ಕರೆ ಬರುತ್ತದೆ. ಅಂದು ಬರಲಿಲ್ಲ. ಪಕ್ಕಕ್ಕೆ ನೋಡಿದರೆ ಮಗಳು ಕತ್ತು ಹೊರಳಿಸಿ ಗೌನನ್ನೇ ನೋಡುತ್ತಿದ್ದಾಳೆ! ಅಂಗಡಿಯಾಕೆ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಕೂತಿದ್ದಳು. ವಾಪಸು ಹೋಗಿ ಎಂಟುನೂರು ಕೊಟ್ಟು ಗೌನು ತಂದೆ.

ಮನೆಗೆ ಹೋಗುವ ಮಟಾಟು ವ್ಯಾನು ಹತ್ತಿದ ಮೇಲೆ ಬೈದೆ. “ತಿರುಗಿ ನೋಡ್ಬಾರ್ದು ಕಣೇ! ಕರೀಲಿ ಅಂತಾನೇ ನಾವು ಹೋಗೋದು.”

ಅವಳು ಗೌನಿನ ಚೀಲವನ್ನು ತೊಡೆಗೆ ಎಳೆದುಕೊಂಡಳು. “ಆ ಆಕ್ಟ್ರೆಸ್‌ನೂ ಹೀಗೇ ಸಿನಿಮಾಗೆ ವಾಪಸ್ ಕರೆದ್ರಾ?”

“ಎಷ್ಟೋ ಸಲ.”

“ಮೋರ್ ಮನಿ ಕೊಡ್ತೀವಿ ಅಂತ?”

“ಹೂಂ.”

“ಬಟ್ ಅವಳು ಬಾರ್ಗೇನ್ ಮಾಡ್ತಿರ್ಲಿಲ್ಲ, ಅಮ್ಮ.”

ವೇದಿಕೆಯ ಮೇಲೂ ಅದನ್ನೇ ಹೇಳಿದಳು: ಎಲ್ಲರೂ ಕರೆದರು, ಅವಳು ತಿರುಗಲಿಲ್ಲ, ಏಕೆಂದರೆ ಅವಳು ನಿಜವಾಗಿಯೂ ಮನೆಗೇ ಹೊರಟಿದ್ದಳು. ನಕ್ಕಿದ್ದ ಗೆಳತಿಯೂ ಚಪ್ಪಾಳೆ ತಟ್ಟಿದಳು. ಮಗಳು ಗೌನಿನ ಅಂಚು ಎತ್ತಿಕೊಂಡು ಸೀದಾ ಒಳಗೆ ನಡೆದಳು. ಒಮ್ಮೆ ನನ್ನತ್ತ ನೋಡಿಯಾಳೆಂದು ಮುಂದಿನ ಸಾಲಿನಲ್ಲಿ ಕೈ ಎತ್ತಿಕೊಂಡೇ ಕೂತಿದ್ದೆ. ನೋಡಲಿಲ್ಲ.

ಗೌನು ಈಗಲೂ ಕಪಾಟಿನಲ್ಲಿದೆ. ಅವಳ ತೋಳಿಗೂ ಏರುವುದಿಲ್ಲ.

ನೀವು ಮಿಟುಂಬಾಗೆ ಹೋಗುವುದಾದರೆ ಮೊದಲು ಕಂಕುಳ ಹೊಲಿಗೆ ನೋಡಿ; ಒಳಗೆ ಬಟ್ಟೆ ಬಿಟ್ಟಿದ್ದರೆ ಬಿಚ್ಚಿ ದೊಡ್ಡದು ಮಾಡಬಹುದು. ಬೆಲೆ ಒಗ್ಗದಿದ್ದರೆ ಹೊರಡಿ. ಆದರೆ ಮಗುವನ್ನು ಮುಂದೆ ನಡೆಸಿ, ನೀವು ಹಿಂದೆ ಬನ್ನಿ. ಅದು ತಿರುಗಿದರೂ ಅಂಗಡಿಯವರಿಗೆ ಕಾಣುವುದು ನಿಮ್ಮ ಬೆನ್ನು. ಮಗುವಿಗೆ ಕಾಣುವುದು ನೀವು.