ಎತ್ತರದಲ್ಲಿ ಶಬ್ದಕ್ಕೆ ಚಳಿ

ಅಕ್ಕೋರ ಕೈಗಡಿಯಾರದ ಮುಖ ಯಾವಾಗಲೂ ಮಣಿಕಟ್ಟಿನ ಒಳಗಡೆಗೆ ತಿರುಗಿರುತ್ತಿತ್ತು. ಗಂಡಸರ ದೊಡ್ಡ ವಾಚು, ಅವರ ಸಣ್ಣ ಕೈಗೆ ಸಡಿಲ. ಸೆಕೆಂಡಿನ ಮುಳ್ಳು ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿದ್ದರಂತೆ. ಮಿಂಚಿದ ಕೂಡಲೇ ಅಂಗೈ ಮೇಲೆ ಮಾಡಿ, ಗುಡುಗು ಕೇಳುವವರೆಗೆ ತುಟಿಯಲ್ಲೇ ಎಣಿಸುವರು. "ಎರಡು ಕಿಲೋಮೀಟರ್ ಆಚೆ ಉಂಟು. ನೀವು ಊಟ ಮಾಡಿ" ಎನ್ನುವರು.

ನರಸಿಂಹರಾಜಪುರದ ಕಡೆಯ ಒಂದು ಹೈಸ್ಕೂಲು ನಮ್ಮದು. ವಿಜ್ಞಾನ ಕಲಿಸುತ್ತಿದ್ದ ಅವರನ್ನು ಊರಿಗೆ ಊರೇ ಅಕ್ಕೋರು ಎನ್ನುತ್ತಿತ್ತು. ನಾನು ಕನ್ನಡ ಪಂಡಿತ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚಳಿಗಾಲದ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರು, ಡ್ರಿಲ್ ಮಾಸ್ಟರು, ಅಕ್ಕೋರು, ನಾನು ಕೂತಿದ್ದಾಗ ಢಂ ಢಂ ಎಂದು ಎರಡೇಟು. ಕಿಟಕಿಯ ಗಾಜೆಲ್ಲ ಗಲಗಲ ನಡುಗಿತು.

"ಎಲ್ಲೋ ಕ್ವಾರಿ ಸಿಡಿಸಿದ್ರು" ಎಂದರು ಡ್ರಿಲ್ ಮಾಸ್ಟರು.

"ಎಂತ ಕ್ವಾರಿ ಮಾರಾಯ್ರೇ, ಇದು ಮೇಲಿಂದ ಬಂದದ್ದು" ಎನ್ನುತ್ತ ಅಕ್ಕೋರು ಅಂಗಳಕ್ಕೆ ಓಡಿದರು. ಮಕ್ಕಳೂ ಹೊರಬಂದು ಕತ್ತೆತ್ತಿದರು. ತೊಳೆದಿಟ್ಟಂಥ ನೀಲಿ, ಒಂದು ಹದ್ದು ಕೂಡ ಇಲ್ಲ.

"ವಿಮಾನ ಆಗ್ಲೇ ಹೋಗಿ ಆಯ್ತು. ಅದು ಶಬ್ದಕ್ಕಿಂತ ಮುಂದೆ ಓಡ್ತದೆ. ಹಿಂದೆ ಬಿದ್ದ ಸದ್ದೆಲ್ಲ ಒಂದರ ಮೇಲೊಂದು ಒಟ್ಟಾಗಿ ಒಂದೇ ಏಟಿಗೆ ನೆಲಕ್ಕೆ ಬರ್ತದೆ. ನಮಗೆ ಎದೆ ಝಲ್ ಅಂತದೆ, ಪೈಲಟ್ಟಿಗೆ ಮಾತ್ರ ಕೇಳುದೇ ಇಲ್ಲ."

ಆ ಮಾತು ನನ್ನನ್ನು ಹಿಡಿದುಕೊಂಡಿತು. ಪಾಠ ಮಾಡುತ್ತಿದ್ದರೂ ಮನಸ್ಸು ಮೇಲೆಲ್ಲೋ ತೇಲುತ್ತಿತ್ತು: ತನ್ನದೇ ಸದ್ದನ್ನು ಹಿಂದೆ ಬಿಟ್ಟು, ಆ ಬಿಳಿಚು ಬೆಳಕಿನಲ್ಲಿ ಒಬ್ಬನೇ ಹೋಗುತ್ತಿರುವ ಮನುಷ್ಯ.

ಮಕ್ಕಳ ಪ್ರಶ್ನೆ ಮುಗಿಯಲಿಲ್ಲ. ಅವರಿಗೆ ಸರಿಯಾಗಿ ಹೇಳಬೇಕೆಂದು ಅಕ್ಕೋರು ಕೊಪ್ಪದ ಕಾಲೇಜಿನ ಲೆಕ್ಚರರೊಬ್ಬರಿಂದ ದಪ್ಪ ಪುಸ್ತಕ ತಂದರು. ಮೂರು ದಿನ ಓದಿದರು. ನಾಲ್ಕನೆಯ ದಿನ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಪಂಡಿತರೇ, ನಾನೊಂದು ತಪ್ಪು ಮಾಡಿದ್ದೆ. ಅದರಲ್ಲಿ ನೀವೂ ಇದ್ರಿ."

ಆರು ವರ್ಷದ ಹಿಂದಿನ ಮಾತು. ಎತ್ತರದಲ್ಲಿ ಶಬ್ದದ ವೇಗ ಕಡಿಮೆ ಏಕೆ ಎಂದು ಅಕ್ಕೋರು ಟೆಸ್ಟಿನಲ್ಲಿ ಕೇಳಿದ್ದರು. ಗಾಳಿ ತೆಳುವಾಗಿರುವುದರಿಂದ ಎಂಬುದು ಅವರೇ ಹೇಳಿಕೊಟ್ಟ ಉತ್ತರ. ಒಬ್ಬ ಹುಡುಗಿ ಮಾತ್ರ "ಅಲ್ಲಿ ಚಳಿ ಇರುವುದರಿಂದ" ಎಂದು ಬರೆದಿದ್ದಳು. ಅಕ್ಕೋರು ಅದನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿ, "ಶಬ್ದಕ್ಕೂ ಕಂಬಳಿ ಹೊದಿಸ್ಬೇಕಾ?" ಎಂದರು. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಕೇಳಿ ಚಪ್ಪರಿಸಿಕೊಂಡು, ಹಾಜರಿ ಕೂಗುವಾಗ ಅವಳನ್ನು ಕಂಬಳಿ ಎಂದು ಕರೆದೆ. ಹೆಸರು ಅಂಟಿಕೊಂಡಿತು. ಮತ್ತೆ ಅವಳು ಕೈ ಎತ್ತಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನ ಒಂದರಲ್ಲೇ ಫೇಲಾದಳು. ಮದುವೆಯಾಗಿ ಬಸರೀಕಟ್ಟೆಗೆ ಹೋದಳು.

"ಗಾಳಿ ತೆಳುವಾದ್ರೆ ಒತ್ತಡವೂ ಕಮ್ಮಿ, ಭಾರವೂ ಕಮ್ಮಿ. ಒಂದಕ್ಕೊಂದು ವಜಾ. ಉಳಿಯೋದು ಚಳಿಯೇ" ಎಂದರು ಅಕ್ಕೋರು. "ಅವಳು ಬರೆದದ್ದೇ ಸರಿ. ಹೇಳಿ ಬರ್ಬೇಕು. ಹೆಸರಿಟ್ಟವರು ನೀವು, ನೀವೂ ಹೊರಡಿ."

ಭಾನುವಾರ ಕೊಪ್ಪದಲ್ಲಿ ಬಸ್ಸು ಬದಲಿಸಿ, ಕೊನೆಗೆ ಜೀಪು ಹತ್ತಿದೆವು. ಘಟ್ಟದ ದಾರಿಯಲ್ಲಿ ಮಂಜು ಒಳಗೇ ಬಂತು. ಜೀಪಿನ ಸದ್ದು ಕೂಡ ಹತ್ತಿಯಲ್ಲಿ ಸುತ್ತಿದಂತೆ ದೂರವಾಯಿತು. ಅಕ್ಕೋರು ದಾರಿಯುದ್ದಕ್ಕೂ ಎದುರಿನ ಬಿಳುಪನ್ನೇ ನೋಡುತ್ತಿದ್ದರು.

ಹುಡುಗಿ ಕಂಕುಳಲ್ಲಿ ಮಗು ಎತ್ತಿಕೊಂಡು ಬಾಗಿಲಿಗೆ ಬಂದಳು. ವಿಷಯ ಕೇಳಿ ನಕ್ಕೇಬಿಟ್ಟಳು. "ಅಯ್ಯ, ಇದಕ್ಕೆ ಇಷ್ಟು ದೂರ ಬಂದ್ರಾ ಅಕ್ಕೋರೇ? ಅದು ನಾನು ಓದಿ ಬರ್ದದ್ದಲ್ಲ. ಚಳಿಗೆ ನಾನೇ ಏಳೋದು ನಿಧಾನ, ಶಬ್ದವೂ ಹಾಂಗೇ ಇರ್ಬೋದು ಅಂತ ಬರ್ದೆ!"

"ಹಾಗೇ ಇರೋದು! ಗಾಳಿಯ ಕಣಗಳು ಚಳಿಗೆ ನಿಧಾನ ಆಗ್ತವೆ. ಶಬ್ದವನ್ನು ಒಂದು ಇನ್ನೊಂದಕ್ಕೆ ದಾಟಿಸೋದು ತಡ. ಇಲ್ಲಿ ಸೆಕೆಂಡಿಗೆ ಮುನ್ನೂರನಲವತ್ತು ಮೀಟರ್ ಓಡೋದು, ಆ ವಿಮಾನದ ಎತ್ತರದಲ್ಲಿ ಮುನ್ನೂರೂ ಇಲ್ಲ."

ಅವಳ ನಗು ನಿಂತಿತು. "ಹಾಂಗಾರೆ ನಂಗೆ ಮಾರ್ಕ್ಸ್ ಬತ್ತಿತ್ತಾ?"

"ಎರಡಕ್ಕೆ ಎರಡು."

ಮಗುವಿನ ತಲೆಗೂದಲು ಸವರಿದಳು. "ನಾನು ಆಮೇಲೆ ವಿಜ್ಞಾನ ಮುಟ್ಲೇ ಇಲ್ಲ ಅಕ್ಕೋರೇ."

"ಗೊತ್ತು. ನನ್ನಿಂದ ಆದದ್ದು."

"ನನ್ನಿಂದಲೂ" ಎಂದೆ. ಅಷ್ಟು ಹೇಳುವುದಕ್ಕೆ ನನ್ನ ಭಾಷೆಯೆಲ್ಲ ಖರ್ಚಾಗಿತ್ತು.

ಮಾರನೆಯ ದಿನ ಅಕ್ಕೋರು ಮೂರೂ ಕ್ಲಾಸಿಗೆ ಹೋಗಿ, ಇಷ್ಟು ವರ್ಷ ತಪ್ಪು ಹೇಳಿಕೊಟ್ಟೆ ಎಂದು ಬೋರ್ಡಿನ ಮೇಲೆ ಸರಿ ಉತ್ತರ ಬರೆದರು. "ಮಕ್ಕಳೆದುರು ಹಾಗೆಲ್ಲ ಒಪ್ಪಿಕೊಳ್ಳಬಾರದು" ಎಂದ ಹೆಡ್‌ಮಾಸ್ಟರಿಗೆ, "ಮತ್ತೆ ಯಾರೆದುರು ಸಾರ್?" ಎಂದರು. ಅಲ್ಲಿಂದ ಮುಂದೆ ನಾನು ಯಾವ ಮಗುವಿಗೂ ಅಡ್ಡಹೆಸರಿಟ್ಟಿಲ್ಲ.

ಫೇಲಾದ ವಿಜ್ಞಾನಕ್ಕೆ ಹುಡುಗಿ ಮತ್ತೆ ಪರೀಕ್ಷೆ ಕಟ್ಟುವುದೆಂದಾಯಿತು. ಆ ವರ್ಷ ಎರಡು ಭಾನುವಾರಕ್ಕೊಮ್ಮೆ ಅಕ್ಕೋರು ಬಸರೀಕಟ್ಟೆಗೆ ಹೋಗಿ ಅವಳಿಗೆ ಪಾಠ ಹೇಳಿದರು. ಮರುವರ್ಷ ಫೆಬ್ರವರಿಯಲ್ಲಿ, ಪರೀಕ್ಷೆಗೆ ಇನ್ನೂ ಆರು ವಾರ ಇರುವಾಗ, ಎದೆನೋವು ಬಂದು ತೀರಿಕೊಂಡರು.

ಹುಡುಗಿ ಕೊಪ್ಪದಲ್ಲಿ ಪರೀಕ್ಷೆಗೆ ಕೂತಳು. ಮೂರು ಗಂಟೆ ಅವಳ ಮಗುವನ್ನು ಎತ್ತಿಕೊಂಡು ನಾನು ಗೇಟಿನ ಹೊರಗೆ ನಿಂತಿದ್ದೆ. ಪಾಸಾದಳು.