ಎರಡು ಸಲ ಹೇಳುವ ಪರಮೇಶಪ್ಪ

ಸವಣೂರಿನ ಪರಮೇಶಪ್ಪನವರಿಗೆ ಯಾವುದನ್ನೂ ಒಂದೇ ಸಲ ಹೇಳಿ ಗೊತ್ತಿಲ್ಲ. ಯಲವಿಗಿಯಲ್ಲಿ ರೈಲು ಹತ್ತಿ ಹುಬ್ಬಳ್ಳಿಯ ತಂತಿ ಕಚೇರಿಗೆ ಹೋಗಿ ಮೂವತ್ತು ವರ್ಷ ಟೆಲಿಪ್ರಿಂಟರ್ ಕುಟ್ಟಿದವರು. ಸುದ್ದಿಯ ಕೊನೆಗೆ ಹೆಸರು, ಅಂಕಿಗಳನ್ನು ತಪ್ಪಾಗದಿರಲೆಂದು ಮತ್ತೊಮ್ಮೆ ಹೊಡೆಯುವುದು ಅಲ್ಲಿಯ ರೂಢಿ. ಟೆಲಿಪ್ರಿಂಟರ್ ಬಂದು ಕಟ್ಟ-ಕಡ ಎನ್ನುವ ಹಳೆಯ ಮೋರ್ಸ್ ಯಂತ್ರವನ್ನು ಮೂಲೆಗೆ ತಳ್ಳಿದಾಗ ಹಿಗ್ಗಿದವರು, ಫ್ಯಾಕ್ಸು, ಮೊಬೈಲು ಬಂದು ಅದನ್ನೇ ಗುಜರಿಗೆ ಹಾಕಿದಾಗ ಮೂರು ದಿನ ಊಟ ಬಿಟ್ಟರು. ಯಂತ್ರ ಹೋಯಿತು, ರೂಢಿ ಇವರ ನಾಲಿಗೆಯ ಮೇಲೆ ಬಂದು ಕೂತಿತು. "ಎರಡು ಚಾ ಕೊಡ್ರಿ. ಎರಡು," ಎಂದದ್ದಕ್ಕೆ ಹೊಸ ಹೋಟೆಲಿನವನು ನಾಲ್ಕು ತಂದಿಟ್ಟಿದ್ದ. "ಶಿಗ್ಗಾಂವ ಬಸ್ಸು ಒಂಬತ್ತೂ ಹತ್ತಕ್ಕ. ಶಿಗ್ಗಾಂವ. ಒಂಬತ್ತು, ಹತ್ತು." ಹೆಂಡತಿ ದಾನವ್ವ ರೇಗುತ್ತಿದ್ದರು: "ನಾ ಏನ್ ಕಿವುಡಿ ಏನ್ರಿ?" "ನಿನ್ನ ಕಿವಿ ಚಲೋ ಅದಾವು. ನನಗ ಲೈನಿನ ಮ್ಯಾಲ ನಂಬಿಕಿ ಇಲ್ಲ," ಎನ್ನುತ್ತಿದ್ದರು ಇವರು. ಬಂಧುಗಳಿಗೂ ಇದು ಅಭ್ಯಾಸವಾಗಿ, ಎರಡನೆಯ ಸಲವೂ ಕೇಳಿಸಿಕೊಳ್ಳದೆ ಯಾರೂ ಫೋನು ಇಡುವುದಿಲ್ಲ. ಹೋದ ವರ್ಷ ಅಬಲೂರಿನಲ್ಲಿರುವ ದಾನವ್ವನ ತಮ್ಮನಿಗೆ ಫೋನು ಮಾಡಿ, "ದಾನವ್ವ ತೀರಿಕೊಂಡ್ಲು," ಎಂದರು. ಆತ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕಾದ. ಎರಡನೆಯ ಸಲ ಆ ಹೆಸರು ಬರಲೇ ಇಲ್ಲ.